ಪೆಟಿಬೋನ್ ಕಾರ್ನರ್ಸಿನ ಗುರುದೇವಿ

ಪೆಟಿಬೋನ್ ಕಾರ್ನರ್ಸ್ ಊರೇ ಅಲ್ಲ ಎನ್ನುವುದು ಸರ್ಕಾರದ ಖಚಿತ ಅಭಿಪ್ರಾಯವಾಗಿತ್ತು. ಮಿಶಿಗನ್ನಿನ ಪ್ಲಿಮತ್‌ನಿಂದ ಪಶ್ಚಿಮಕ್ಕೆ ಒಂದು ಹದಿನೈದು ಮೈಲಿ ಹೋದರೆ, ಮುಸುಕಿನ ಜೋಳದ ಹೊಲಗಳ ನಡುವೆ ಎರಡು ಜಲ್ಲಿ ರಸ್ತೆಗಳು ಒಂದನ್ನೊಂದು ಹಾಯ್ದು ಹೋಗುತ್ತಿದ್ದವು. ಒಂದು ಮೂಲೆಯಲ್ಲಿ ಗ್ಯಾಸ್ ಪಂಪನ್ನೂ ಇಟ್ಟುಕೊಂಡಿದ್ದ ಕಿರಾಣಿ ಅಂಗಡಿ, ಇನ್ನೊಂದರಲ್ಲಿ ಬಿಳಿ ಬಣ್ಣದ ಮರದ ಚರ್ಚು, ಮೂರನೆಯದರಲ್ಲಿ ಬೀಗ ಜಡಿದ ಒಂದೇ ಕೋಣೆಯ ಶಾಲೆ, ನಾಲ್ಕನೆಯದರಲ್ಲಿ ಕಬ್ಬಿಣದ ಬೇಲಿಯ ಸ್ಮಶಾನ. ಸುತ್ತ ಬೆರಳಲ್ಲಿ ಎಣಿಸಬಹುದಾದಷ್ಟು ಮನೆಗಳು. ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ, ಪೊಲೀಸ್ ಇಲ್ಲ, ಅಂಚೆ ಕಚೇರಿಯೂ ಇಲ್ಲ. ಹೆಸರಿನ ಹಲಗೆಯನ್ನು ಅಲ್ಲಿನವರೇ ಬರೆದು ನೆಟ್ಟಿದ್ದರು. ಊರಲ್ಲದ ಊರಿಗೆ ಹಲಗೆ ಯಾಕೆ ಎಂದು ರಸ್ತೆ ಇಲಾಖೆಯವರು ಅದನ್ನು ಕಿತ್ತುಕೊಂಡು ಹೋದಾಗಲೆಲ್ಲ ಮುಂದಿನ ವಾರ ಇನ್ನೊಂದು ಎದ್ದು ನಿಲ್ಲುತ್ತಿತ್ತು.

ಇಂಥ ಕಡೆ ಅಣ್ಣಿಗೇರಿಯ ಗುರುದೇವಿ ಬಂದು ಇಳಿದದ್ದು ೧೯೬೮ರ ಅಕ್ಟೋಬರಿನಲ್ಲಿ. ಮದುವೆಯಾಗಿ ಇನ್ನೂ ಅರಿಶಿನ ಆರಿರಲಿಲ್ಲ. ಗಂಡ ಮುರಿಗೆಪ್ಪ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಡೆಟ್ರಾಯ್ಟಿನಲ್ಲಿ ಇನ್ನೊಂದು ಡಿಗ್ರಿ ಮಾಡಿ, ಪ್ಲಿಮತ್ತಿನ ಹತ್ತಿರ ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಸೇರಿದ್ದ. ಆಫೀಸಿನಲ್ಲಿ ಅವನನ್ನು ಮರ್ರಿ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಫೋನಿನಲ್ಲಿ ಖಾಲಿ ಇದ್ದ ಅಪಾರ್ಟ್‌ಮೆಂಟುಗಳು ಇವರ ಮುಖ ಕಂಡೊಡನೆ ಭರ್ತಿಯಾಗುತ್ತಿದ್ದ ಕಾಲ ಅದು. ಕೊನೆಗೆ ಪೆಟಿಬೋನ್ ಕಾರ್ನರ್ಸಿನ ರೈತ ವಾಲ್ಟ್ ಕ್ರೂಗರ್ ತನ್ನ ಸತ್ತ ಅಣ್ಣನ ಮನೆಯನ್ನು ಬಾಡಿಗೆಗೆ ಕೊಟ್ಟ. ಅವನು ಕೇಳಿದ್ದು ಒಂದೇ ಪ್ರಶ್ನೆ: ಕೆಸರಿನಲ್ಲಿ ಕಾರು ಓಡಿಸಲು ಬರುತ್ತದೆಯೇ? ಬರುತ್ತದೆ ಎಂದು ಮುರಿಗೆಪ್ಪ ಹೇಳಿದ್ದು ಹಸಿ ಸುಳ್ಳು ಎನ್ನುವುದು ಮೊದಲ ಮಳೆಗೇ ಗೊತ್ತಾಗಿ, ವಾಲ್ಟ್ ತುಟಿ ಪಿಟಕ್ಕೆನ್ನದೆ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಕಾರನ್ನು ಎಳೆದುಕೊಟ್ಟ.

ಗುರುದೇವಿಗೆ ಚಳಿಯೂ ಹೊಸದು, ಭಾಷೆಯೂ ಹೊಸದು. ಆದರೆ ಅವಳ ನಿದ್ದೆ ಕೆಡಿಸಿದ್ದು ಬೇರೆಯೇ ಒಂದು ಸಂಗತಿ. ಗೌಡ, ಕುಲಕರ್ಣಿ, ಪಂಚಾಯ್ತಿ, ಮಠ, ತಳವಾರ ಎಲ್ಲ ಇದ್ದ ಊರಿನಿಂದ ಬಂದವಳು ಅವಳು. ಇಲ್ಲಿ ಯಜಮಾನ ಯಾರು ಎಂದು ಅಂಗಡಿಯ ಎಡ್ನಾಳನ್ನು ಕೇಳಿದಳು. ಎಡ್ನಾ ಅರವತ್ತು ದಾಟಿದ ವಿಧವೆ, ತವರಿನಿಂದ ಪೆಟಿಬೋನ್ ಮನೆತನದವಳು, ಬಾಯಿ ಬಿಟ್ಟರೆ ನೇರ ಮಾತು. ಯಾರೂ ಇಲ್ಲ ಎಂದಳು. ಜಗಳವಾದರೆ ಬಗೆಹರಿಸುವವರು ಯಾರು ಎಂದು ಗುರುದೇವಿ ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಮತ್ತೆ ಕೇಳಿದಳು. ಎಡ್ನಾ ಹಾಲಿನ ಬಾಟಲಿ ಕಟ್ಟೆಯ ಮೇಲಿಟ್ಟು, ಜಗಳವಾಡಿದವರೇ ಬಗೆಹರಿಸಿಕೊಳ್ಳಬೇಕು, ಇಲ್ಲದಿದ್ದರೆ ಚಳಿಗಾಲ ಕಳೆಯುವುದು ಹೇಗೆ ಎಂದಳು. ಗುರುದೇವಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಮನೆಗೆ ಬಂದಳು.

ಆಮೇಲೆ ಆ ಊರಿನ ಕತೆ ಅವಳಿಗೆ ಕಂತುಕಂತಾಗಿ ಸಿಕ್ಕಿತು. ಸಕ್ಕರೆ ಕೊಳ್ಳಲು ಹೋದ ದಿನ ಒಂದು ತುಂಡು, ಸೀಮೆಎಣ್ಣೆ ಕೊಳ್ಳಲು ಹೋದ ದಿನ ಇನ್ನೊಂದು. ಒಂದು ಕಾಲಕ್ಕೆ ಅಲ್ಲಿ ಕಮ್ಮಾರಸಾಲೆ ಇತ್ತು, ಸೇಬಿನ ರಸ ಹಿಂಡುವ ಗಿರಣಿ ಇತ್ತು, ಕುದುರೆ ಬಂಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ರೈಲು ಬರುತ್ತದೆ ಎಂದು ಜನ ಸ್ಟೇಷನ್ನಿಗೆ ಜಾಗ ಸಮ ಮಾಡಿ, ಬ್ಯಾಂಡು ಕಲಿತು ಕಾದರು. ರೈಲು ಎರಡು ಮೈಲಿ ದಕ್ಷಿಣಕ್ಕೆ ಹೋಯಿತು. ಅದರ ಹಿಂದೆ ಅಂಚೆ ಕಚೇರಿ ಹೋಯಿತು, ಡಾಕ್ಟರು ಹೋದ, ಹುಡುಗಿಯರು ಹೋದರು. ಉಳಿದವರು ಬ್ಯಾಂಡಿನ ತುತ್ತೂರಿಗಳನ್ನು ಚರ್ಚಿನ ಅಟ್ಟಕ್ಕೆ ಹಾಕಿ ಉಳುಮೆಗೆ ಹೋದರು. ಯಾರೂ ಕಾಯದ, ಯಾರೂ ಆಳದ, ನಕ್ಷೆಯಲ್ಲೂ ಇಲ್ಲದ ಒಂದು ಊರು ನೂರ ಮೂವತ್ತು ಚಿಲ್ಲರೆ ವರ್ಷದಿಂದ ಬೀಳದೆ ನಿಂತಿತ್ತು. ಬಾವಿಯ ಹಗ್ಗ ಹರಿದರೆ ಬೆಳಗಾಗುವುದರೊಳಗೆ ಹೊಸದು ಇರುತ್ತಿತ್ತು, ಹಾಕಿದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಗುರುದೇವಿಗೆ ಇದು ಯಾವ ಜಾತ್ರೆ ಪವಾಡಕ್ಕಿಂತಲೂ ದೊಡ್ಡ ಪವಾಡವಾಗಿ ಕಂಡಿತು, ಅವಳು ಅದನ್ನು ಗಂಡನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತದೆ ಹೂಂ ಎನ್ನುತ್ತಿದ್ದ.

೧೯೭೨ರಲ್ಲಿ ಮಾವ ಗದಿಗೆಪ್ಪ ಬಂದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಮಗನ ಹತ್ತಿರ ಇರುತ್ತೇನೆ ಎಂದು ತಾನೇ ಹಟ ಹಿಡಿದು, ಹೊಲ ತಮ್ಮನಿಗೆ ಒಪ್ಪಿಸಿ, ಧೋತರದ ಮೇಲೆ ಉಣ್ಣೆಯ ಕೋಟು ತೊಟ್ಟು ವಿಮಾನ ಹತ್ತಿದ ಗಟ್ಟಿ ಮುದುಕ. ಹಣೆಗೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಬಂದ ವಾರದಲ್ಲೇ ಅಂಗಡಿಯ ಮುಂದಿನ ಬೆಂಚಿನಲ್ಲಿ ತನ್ನ ಜಾಗ ಗಟ್ಟಿ ಮಾಡಿಕೊಂಡ. ಅವನಿಗೆ ಇಂಗ್ಲಿಷಿನ ಗಂಧವಿಲ್ಲ, ಅಲ್ಲಿ ಕೂರುತ್ತಿದ್ದವರಿಗೆ ಕನ್ನಡದ ಗಾಳಿಯಿಲ್ಲ. ಆದರೂ ಮೋಡ ನೋಡಿ ಒಟ್ಟಿಗೆ ತಲೆಯಾಡಿಸುತ್ತಿದ್ದರು, ಬೆಳೆ ನೋಡಿ ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದರು. ವಾಲ್ಟಿನ ಹಸುಗಳ ಸಗಣಿ ಕೇಳಿ ಪಡೆದು ಹಿತ್ತಿಲಲ್ಲಿ ಕುಳ್ಳು ತಟ್ಟಿ, ಸುಟ್ಟು, ಸೋಸಿ ಗದಿಗೆಪ್ಪ ತನ್ನ ವಿಭೂತಿಯನ್ನು ತಾನೇ ಮಾಡಿಕೊಂಡ. ಸಗಣಿಯನ್ನು ಮುಖಕ್ಕೆ ಹಚ್ಚಿಕೊಳ್ಳುವವನನ್ನು ವಾಲ್ಟ್ ಅದೇ ಮೊದಲು ಕಂಡದ್ದು, ಹಾಗಾಗಿ ಅವನನ್ನು ಗ್ಯಾಡಿ ಎಂದು ಕರೆಯುತ್ತ ಬಹಳ ಮರ್ಯಾದೆಯಿಂದ ಕಾಣತೊಡಗಿದ.

ಒಂದು ದಿನ ಎಡ್ನಾ ಕರಡಿಗೆಯನ್ನು ತೋರಿಸಿ ಅದರೊಳಗೆ ಏನಿದೆ ಎಂದು ಸನ್ನೆಯಲ್ಲಿ ಕೇಳಿದಳು. ಗದಿಗೆಪ್ಪ ತೆರೆದು, ಕಪ್ಪು ಮಣಿಯಂತಹ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ತಾನು ದಿನಾ ಮಾಡುವಂತೆ ಕಣ್ಣಿಟ್ಟು ನೋಡಿದ. ಎಡ್ನಾ ಕನ್ನಡಕ ತೆಗೆದು ಅವನ ಪಕ್ಕದಲ್ಲಿ ಕೂತು ತಾನೂ ಸುಮ್ಮನೆ ನೋಡಿದಳು. ಗಿರಾಕಿಯೊಬ್ಬ ಬಂದು ಕಾದು, ದುಡ್ಡನ್ನು ಕಟ್ಟೆಯ ಮೇಲಿಟ್ಟು ಬ್ರೆಡ್ಡು ತಾನೇ ತೆಗೆದುಕೊಂಡು ಹೋದ.

ಡೆಟ್ರಾಯ್ಟಿನ ಕನ್ನಡದವರೊಬ್ಬರ ಮನೆಯಲ್ಲಿ ಸಾವಾಗಿ, ದಹನಕ್ಕೆ ಗದಿಗೆಪ್ಪನೂ ಹೋಗಿ ಬಂದಿದ್ದ. ವಿದ್ಯುತ್ ಒಲೆಯ ಬಾಗಿಲು ಮುಚ್ಚಿದ್ದು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಲಿಂಗಾಯತರು ಸುಡುವವರಲ್ಲ. ಲಿಂಗ ಕೈಯಲ್ಲಿಟ್ಟು, ಪದ್ಮಾಸನದಲ್ಲಿ ಕೂರಿಸಿ ಮಣ್ಣು ಕೊಡುವುದು ಅವರ ರೀತಿ. ಸತ್ತರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತಾರೆ. ಇದನ್ನು ಮಗನ ಹತ್ತಿರ ಎತ್ತಿದರೆ ಅವನು ಸಾವಿನ ಮಾತು ಯಾಕಪ್ಪಾ ಎಂದು ಕಾರಿನ ಕೀಲಿ ಹುಡುಕುತ್ತಿದ್ದ. ಹಾಗಾಗಿ ಮುದುಕ ಸೊಸೆಯನ್ನೇ ಹಿಡಿದ. ಅವಳು ಬೀನ್ಸು ಬಿಡಿಸುತ್ತಿದ್ದಳು.

"ಯವ್ವಾ, ನನ್ನ ಸುಡಬ್ಯಾಡ್ರಿ. ಕುಂದರ್ಸಿ ಮಣ್ಣ ಕೊಡ್ರಿ. ಎಲ್ಲಿ ಅನ್ನೂದು ನಿನಗ ಬಿಟ್ಟದ್ದು."

"ಆಗಲಿ ಮಾಂವಾ," ಎಂದಳು ಗುರುದೇವಿ. ಎಲ್ಲಿ, ಹೇಗೆ ಎಂದು ಅವಳಿಗೆ ತಿಲಮಾತ್ರವೂ ಗೊತ್ತಿರಲಿಲ್ಲ. ಆದರೆ ಮಾತು ಕೊಟ್ಟಾಗಿತ್ತು.

೧೯೭೪ರ ನವೆಂಬರಿನ ಒಂದು ಬೆಳಿಗ್ಗೆ ಗದಿಗೆಪ್ಪ ಪೂಜೆ ಮುಗಿಸಿ, ಅಡುಗೆಮನೆಯ ಕುರ್ಚಿಯಲ್ಲಿ ಕೂತು ಬಸಿಗೆ ಚಹ ಸುರುವಿಕೊಂಡ. ಗುರುದೇವಿ ಒಲೆಯ ಕಡೆ ತಿರುಗಿ ಹಾಲು ಇಳಿಸಿ ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಜೀವ ಹೋಗಿತ್ತು. ಬಸಿಯ ಚಹ ತುಳುಕಿರಲೂ ಇಲ್ಲ. ಐದು ವರ್ಷದ ಮಗಳು ಭಾನು ಶಾಲೆಯಲ್ಲಿದ್ದಳು, ಮುರಿಗೆಪ್ಪ ಆಫೀಸಿನಲ್ಲಿದ್ದ.

ಅವಳು ಮೊದಲು ಫೋನಿನ ಹತ್ತಿರ ಹೋಗಲಿಲ್ಲ. ಮೈ ಸೆಟೆದ ಮೇಲೆ ಕೂರಿಸಲಾಗುವುದಿಲ್ಲ ಎನ್ನುವುದು ಅವಳ ಕಡೆಯವರಿಗೆ ಚಿಕ್ಕಂದಿನಿಂದ ಗೊತ್ತಿರುವ ಸಂಗತಿ. ಮಾವನನ್ನು ತೋಳಿನ ಕೆಳಗೆ ಹಿಡಿದು ನಡುಮನೆಗೆ ಎಳೆದು, ಗೋಡೆಗೆ ಒರಗಿಸಿ, ಕಾಲುಗಳನ್ನು ತನ್ನ ಕೈಯಾರೆ ಮಡಚಿದಳು. ಮದುವೆಯ ಇಳಕಲ್ಲ ಸೀರೆಯಿಂದ ಎದೆಯ ಸುತ್ತ ಬಿಗಿದು ಪಕ್ಕದ ಬಾಗಿಲಿನ ಹಿಡಿಗೆ ಕಟ್ಟಿದಳು. ಹಣೆಗೆ ವಿಭೂತಿ ಬಳಿದು, ಲಿಂಗವನ್ನು ಅಂಗೈಯಲ್ಲಿಟ್ಟ ಮೇಲೆಯೇ ಗಂಡನಿಗೆ ಫೋನ್ ಮಾಡಿದಳು.

ಮುರಿಗೆಪ್ಪ ಬಂದವನು ತಂದೆಯ ಪಾದ ಹಿಡಿದು ಮಗುವಿನ ಹಾಗೆ ಅತ್ತ. ಅತ್ತು ಮುಗಿದ ಮೇಲೆ ಭಯ ಹತ್ತಿತು. ಸುದ್ದಿ ತಿಳಿದು, ಡೆಟ್ರಾಯ್ಟಿನ ಬಳಿಯ ಟ್ರಾಯ್‌ನಿಂದ ತಿರುಮಲೇಶ ಫೋನ್ ಮಾಡಿದರು. ಮೈಸೂರಿನವರು, ಅಲ್ಲಿನ ಕನ್ನಡದವರಲ್ಲಿ ಹಿರಿಯರು, ಒಳ್ಳೆಯ ಮನುಷ್ಯ. ಇಲ್ಲಿ ಎಲ್ಲರೂ ಕ್ರಿಮೇಷನ್ನೇ ಮಾಡಿಸುವುದು, ಬೂದಿಯನ್ನು ಊರಿಗೆ ಕಳಿಸಿದರಾಯಿತು, ಏರ್ಪಾಟೆಲ್ಲ ತಾನು ಮಾಡುತ್ತೇನೆ ಎಂದರು. ಪಕ್ಕದ ಪಟ್ಟಣದಿಂದ ಅಂತ್ಯಕ್ರಿಯೆಯ ಏರ್ಪಾಟು ಮಾಡುವವನು ಬಂದು, ಗೋಡೆಗೆ ಕೂತಿದ್ದ ಗದಿಗೆಪ್ಪನನ್ನು ಕಂಡು ಹೊಸ್ತಿಲಲ್ಲೇ ಹ್ಯಾಟು ತೆಗೆದ. ಕಾಗದಪತ್ರ ಮಾಡಿಕೊಡುತ್ತೇನೆ, ಆದರೆ ಪಟ್ಟಣದ ಯಾವ ಸ್ಮಶಾನದಲ್ಲೂ ಕೂರಿಸಿ ಹೂಳಲು ಬಿಡುವುದಿಲ್ಲ, ಶವಪೆಟ್ಟಿಗೆ ಬೇಕು, ಕಾಂಕ್ರೀಟಿನ ಗೂಡು ಬೇಕು, ಮಲಗಿಸಲೇಬೇಕು ಎಂದು ಮೆಲುದನಿಯಲ್ಲಿ ಹೇಳಿದ.

"ಮೊದಲ ಕುಂದರ್ಸಿಬಿಟ್ಟೀ. ಈಗೇನ ಮಾಡ್ಲಿ ನಾ?" ಎಂದ ಮುರಿಗೆಪ್ಪ. ಅದರಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು.

"ನೀವು ರಾಚಯ್ಯನವರಿಗೆ ಫೋನ್ ಮಾಡ್ರಿ. ಜಾಗಾ ನಾ ನೋಡ್ತೀನಿ," ಎಂದು ಗುರುದೇವಿ ಕೋಟು ತೊಟ್ಟಳು.

ರಾಚಯ್ಯ ಚಿಕಾಗೋದ ಹೊರಗೆ, ಹಾಫ್‌ಮನ್ ಎಸ್ಟೇಟ್ಸಿನಲ್ಲಿದ್ದ. ವೃತ್ತಿಯಿಂದ ಬಣ್ಣದ ಕಂಪನಿಯೊಂದರ ರಸಾಯನ ತಜ್ಞ, ಹುಟ್ಟಿನಿಂದ ಅಯ್ಯನವರ ಮನೆತನ. ಕ್ರಿಯೆ ಮಾಡಿಸುವ ಹಕ್ಕು ಅವನ ಮನೆತನದ್ದು, ಆದರೆ ಅವನು ಜನ್ಮದಲ್ಲಿ ಮಾಡಿಸಿದವನಲ್ಲ. ಮಂತ್ರ ಬರುವುದಿಲ್ಲ ಎಂದು ಫೋನಿನಲ್ಲಿ ತೊದಲಿದ. ನಿಮ್ಮ ಅಜ್ಜ ಮಾಡಿಸುವುದನ್ನು ನೋಡಿದ್ದೀರಲ್ಲ, ನೋಡಿದಷ್ಟೇ ಸಾಕು ಎಂದು ಮುರಿಗೆಪ್ಪ ಹೇಳಿದ. ಅದನ್ನು ಹೇಳಲು ಹೆಂಡತಿ ಹೋಗುವ ಮುಂಚೆ ಕಲಿಸಿ ಹೋಗಿದ್ದಳು.

ಗುರುದೇವಿ ರಸ್ತೆ ದಾಟಿ ಅಂಗಡಿಗೆ ಹೋದಳು. ಎಡ್ನಾ ಎಲ್ಲವನ್ನೂ ಕೇಳಿಸಿಕೊಂಡು ಕೈ ಒರೆಸಿಕೊಂಡಳು. ಸ್ಮಶಾನ ತನ್ನದಲ್ಲ, ಚರ್ಚಿನದೂ ಅಲ್ಲ, ಕೊಡುತ್ತೇನೆ ಎನ್ನಲು ತನಗೆ ಹಕ್ಕಿಲ್ಲ ಎಂದಳು. ಹಾಗಾದರೆ ಯಾರದು ಎಂದು ಗುರುದೇವಿ ಕೇಳಿದಳು. ಆ ಮಣ್ಣಿನಲ್ಲಿ ಯಾರ ಯಾರವರು ಇದ್ದಾರೋ ಅವರೆಲ್ಲರದು ಎಂದಳು ಎಡ್ನಾ. ಈ ಊರಿನ ಪದ್ಧತಿ ಅದು. ಏನನ್ನಾದರೂ ತೀರ್ಮಾನಿಸಬೇಕಾದರೆ ಅಲ್ಲಿ ತಮ್ಮವರನ್ನು ಮಣ್ಣು ಮಾಡಿದವರು ಸ್ಮಶಾನದೊಳಗೆ ಸೇರುತ್ತಾರೆ, ಪ್ರತಿಯೊಬ್ಬರೂ ಮಾತಾಡಬೇಕು. ಎಲ್ಲರಿಗಿಂತ ಈಚೆಗೆ ಮಣ್ಣು ಮಾಡಿದವರು ಮೊದಲು ಮಾತಾಡಬೇಕು, ಯಾಕೆಂದರೆ ಹಳಬರು ಮೊದಲು ಬಾಯಿ ತೆರೆದರೆ ಹೊಸಬರು ಬಾಯಿ ಮುಚ್ಚಿಕೊಳ್ಳುತ್ತಾರೆ. ಗುರುದೇವಿಗೆ ಮೈ ಜುಮ್ಮೆಂದಿತು. ಆರು ವರ್ಷ ತಾನು ಹುಡುಕುತ್ತಿದ್ದ ಪಂಚಾಯ್ತಿ ದಿನಾ ಕಿಟಕಿಯಿಂದ ಕಾಣುತ್ತಿದ್ದ ಬೇಲಿಯೊಳಗೇ ಇತ್ತು.

ಮಧ್ಯಾಹ್ನಕ್ಕೆ ಹತ್ತು ಹನ್ನೆರಡು ಜನ ಸೇರಿದರು. ಹೊಲದ ಬೂಟಿನಲ್ಲಿ ಬಂದವರು, ಏಪ್ರನ್ನಿನ ಮೇಲೆ ಕೋಟು ಎಳೆದುಕೊಂಡು ಬಂದವರು. ಗುರುದೇವಿಗೆ ಅಲ್ಲಿ ತನ್ನವರು ಯಾರೂ ಇರಲಿಲ್ಲ, ಹಾಗಾಗಿ ಅವಳು ಬೇಲಿಯ ಹೊರಗೆ ನಿಲ್ಲಬೇಕಾಯಿತು. ಬಿಟ್ಟ ಉಸಿರು ಹಬೆಯಾಗುವಷ್ಟು ಚಳಿಯಿತ್ತು, ಆದರೂ ಅವಳ ಬೆನ್ನು ಬೆವರಿತ್ತು. ಇಲ್ಲಿ ಆಗದಿದ್ದರೆ ನಾಳೆ ಒಲೆಯ ಬಾಗಿಲೇ ಗತಿ ಎನ್ನುವುದು ಅವಳಿಗೆ ಗೊತ್ತಿತ್ತು. ಏನು ಬೇಕೆಂದು ನೀನೇ ಹೇಳು ಎಂದಳು ಎಡ್ನಾ. ಗುರುದೇವಿ ಕಬ್ಬಿಣದ ಸರಳು ಹಿಡಿದುಕೊಂಡು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಮಾವನಿಗೆ ಮಾತು ಕೊಟ್ಟಿದ್ದೇನೆ. ಪೆಟ್ಟಿಗೆ ಇಲ್ಲ. ಮಲಗಿಸುವುದಿಲ್ಲ. ಕೂರಿಸುವುದು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆ ಕೂರಿಸುವುದು ಎಂದು ಯಾರೋ ಕೇಳಿದರು.

"ಅವರು ಪ್ರಾರ್ಥನೆಯಲ್ಲಿದ್ದಾರೆ," ಎಂದಳು ಗುರುದೇವಿ. "ಪ್ರಾರ್ಥನೆಯನ್ನು ಯಾರೂ ಮಲಗಿಕೊಂಡು ಮಾಡುವುದಿಲ್ಲ."

ಎಲ್ಲರಿಗಿಂತ ಈಚಿನವನು ಹೋಬರ್ಟ್, ಕೆಂಟಕಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದು, ಬಂದ ವರ್ಷವೇ ಹಸುಗೂಸನ್ನು ಇಲ್ಲಿ ಮಣ್ಣು ಮಾಡಿದವನು. ಅವನು ಮಗುವಿನ ಗುರುತಿನ ಕಲ್ಲಿನ ಹತ್ತಿರ ಹೋಗಿ ನಿಂತ. ಆಮೇಲೆ, ತನ್ನ ಮಗುವನ್ನು ತಂದಾಗ ನೀನು ಯಾವ ಚರ್ಚು, ಯಾವ ಪ್ರಾರ್ಥನೆ ಎಂದು ಯಾರೂ ಕೇಳಲಿಲ್ಲ, ಹಾಗಿರುವಾಗ ತಾನು ಈಗ ಕೇಳಲಾರೆ ಎಂದ. ಅವನ ನಂತರದ ಸರದಿಯವರು ಒಬ್ಬೊಬ್ಬರಾಗಿ ಹಾಂ ಎನ್ನುತ್ತ ಬಂದರು. ಮಾತು ವಾಲ್ಟಿನ ಹತ್ತಿರ ಬಂದು ನಿಂತಿತು.

ಆ ಸ್ಮಶಾನದ ಗುಂಡಿಗಳನ್ನೆಲ್ಲ ತೋಡುತ್ತಿದ್ದವನು ವಾಲ್ಟ್. ಗದಿಗೆಪ್ಪ ಸತ್ತ ಸುದ್ದಿ ಕೇಳಿ ಅವನ ಕಣ್ಣು ಕೆಂಪಾಗಿತ್ತು, ಆದರೂ ಅವನಿಂದ ಹಾಂ ಬರಲಿಲ್ಲ. ತನ್ನ ತಾಯಿ ಇಲ್ಲಿ ಸಾಲಿನಲ್ಲಿ ಮಲಗಿದ್ದಾಳೆ, ಇಲ್ಲಿರುವವರೆಲ್ಲ ಪೂರ್ವಕ್ಕೆ ಕಾಲು ಮಾಡಿ ಮಲಗಿದ್ದಾರೆ, ಅವರ ನಡುವೆ ಒಬ್ಬ ಎದ್ದು ಕೂತಿದ್ದರೆ ಸರಿ ಅನಿಸುವುದಿಲ್ಲ, ಗ್ಯಾಡಿಗಾಗಿ ಬೇರೆ ಏನು ಬೇಕಾದರೂ ಮಾಡುತ್ತೇನೆ ಎಂದ. ಒಬ್ಬರು ಬೇಡವೆಂದರೂ ಆಗುವುದಿಲ್ಲ. ಗುರುದೇವಿ ಎಡ್ನಾಳ ಕಡೆ ನೋಡಿದಳು.

ಕೊನೆಯ ಮಾತು ಹಳೆಯ ಮನೆತನದ್ದು. ಎಡ್ನಾ ಸ್ಮಶಾನದ ನಡುವಿನ ಒಂದು ಮೊಂಡು ಕಲ್ಲಿನ ಹತ್ತಿರ ಹೋಗಿ ನಿಂತಳು. ಅದರ ಮೇಲಿನ ಅಕ್ಷರ ಎಂದೋ ಅಳಿಸಿಹೋಗಿತ್ತು. ನಮ್ಮ ಮನೆಯ ಹೆಂಗಸರು ಹೆಂಗಸರಿಗೆ ಮಾತ್ರ ಹೇಳಿಕೊಂಡು ಬಂದ ಒಂದು ಮಾತಿದೆ, ನನಗೆ ಹೆಣ್ಣುಮಕ್ಕಳಿಲ್ಲ, ಇಲ್ಲೇ ಹೇಳಿಬಿಡುತ್ತೇನೆ ಎಂದಳು.

ಪೆಟಿಬೋನ್ ದಂಪತಿಗಳು ನ್ಯೂಯಾರ್ಕ್ ಕಡೆಯಿಂದ ಇಲಿನಾಯ್‌ಗೆ ಹೊರಟವರು. ಇಲ್ಲಿ ನಿಲ್ಲುವ ಯೋಚನೆ ಅವರಿಗೆ ಕನಸಿನಲ್ಲೂ ಇರಲಿಲ್ಲ. ಇದು ಬರೀ ಎರಡು ಕಾಲುದಾರಿ ಕೂಡುವ ಕಾಡು. ಇಲ್ಲಿಗೆ ಬರುವಷ್ಟರಲ್ಲಿ ಅವರ ನಾಲ್ಕು ವರ್ಷದ ಮಗಳು ಜ್ವರದಿಂದ ತೀರಿಕೊಂಡಳು. ಒಂದೇ ಸಮನೆ ಮಳೆ, ಗಾಡಿಯಲ್ಲಿ ಒಂದು ಹಲಗೆಯೂ ಇಲ್ಲ, ಕೊಡಲಿ ನದಿಯಲ್ಲಿ ಹೋಗಿತ್ತು. ಇದ್ದದ್ದು ಖಾಲಿಯಾದ ಒಂದು ಹಿಟ್ಟಿನ ಪೀಪಾಯಿ. ಅದರಲ್ಲಿ ಮಗುವನ್ನು ಮಲಗಿಸಲು ಬರುವುದಿಲ್ಲ. ತಾಯಿ ಮಗಳ ಕಾಲು ಮಡಚಿ, ಕೈ ಜೋಡಿಸಿ, ಕೂರಿಸಿ ಇಟ್ಟಳು. ಮಾರನೆಯ ದಿನ ಗಾಡಿ ಹೂಡಿದರೆ ಅವಳು ಹತ್ತಲಿಲ್ಲ. ಕೂತಿರುವ ಮಗುವನ್ನು ಒಂಟಿಯಾಗಿ ಬಿಟ್ಟು ಹೇಗೆ ಹೋಗಲಿ ಎಂದಳು. ಗಂಡ ಒಂದು ವಾರ ಕಾದ, ಆಮೇಲೆ ಎತ್ತು ಬಿಚ್ಚಿ ಮರ ಕಡಿಯಲು ಕೊಡಲಿ ಸಾಲ ತರಲು ಹೋದ. ಊರು ಶುರುವಾದದ್ದು ಹಾಗೆ. ಹಿಟ್ಟಿನ ಪೀಪಾಯಿಯಲ್ಲಿ ಇಟ್ಟೆನಲ್ಲ ಎನ್ನುವ ನಾಚಿಕೆಗೆ ಆ ತಾಯಿ ಅದನ್ನು ಯಾರಿಗೂ ಹೇಳಲಿಲ್ಲ, ಸಾಯುವಾಗ ಮಗಳಿಗೆ ಹೇಳಿದಳು.

"ನಮ್ಮಲ್ಲಿ ಮೊದಲು ಬಂದವಳು ಕೂತೇ ಇದ್ದಾಳೆ, ವಾಲ್ಟ್," ಎಂದಳು ಎಡ್ನಾ. "ನೂರ ನಲವತ್ತು ವರ್ಷದಿಂದ ಒಬ್ಬಳೇ ಕೂತಿದ್ದಾಳೆ."

ಬೇಲಿಯ ಹೊರಗಿದ್ದ ಗುರುದೇವಿಗೆ ಇಂಗ್ಲಿಷು ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ಎಡ್ನಾ ಮಾತಾಡುತ್ತ ತನ್ನ ಎರಡು ಕೈಯಿಂದ ಗಾಳಿಯಲ್ಲೇ ಪುಟ್ಟ ಮೊಣಕಾಲುಗಳನ್ನು ಮಡಚಿದ್ದು ಅರ್ಥವಾಗಿತ್ತು. ಬೆಳಿಗ್ಗೆ ತಾನು ಮಾಡಿದ್ದೂ ಅದೇ. ಎಲ್ಲಿಯ ಅಣ್ಣಿಗೇರಿ, ಎಲ್ಲಿಯ ಪೆಟಿಬೋನ್ ಎಂದು ಅವಳ ಮೈಮೇಲಿನ ಕೂದಲು ಎದ್ದು ನಿಂತವು. ಬೆಳಿಗ್ಗೆಯಿಂದ ಅಳದಿದ್ದ ಅವಳು ಆಗ ಸರಳಿಗೆ ಹಣೆ ಹಚ್ಚಿ ಅತ್ತಳು.

ವಾಲ್ಟ್ ಟೋಪಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ, ಕೊನೆಗೆ ತಲೆಗೆ ಹಾಕಿಕೊಂಡ. ಬೇಲಿಯ ಹತ್ತಿರ ಬಂದು ಗುರುದೇವಿಯನ್ನು, ಗುಂಡಿ ಎಷ್ಟು ಅಗಲ ಇರಬೇಕು ಎಂದು ಕೇಳಿದ.

ರಾಚಯ್ಯ ಸಂಜೆ ಬಂದು ಇಳಿದ. ಮಾರನೆಯ ದಿನ ಅವನು ಹೇಳಿದ ಹಾಗೆ ವಾಲ್ಟ್ ಮತ್ತು ಹೋಬರ್ಟ್ ಚೌಕನೆಯ ಗುಂಡಿ ತೋಡಿ, ಅದರ ಒಂದು ಗೋಡೆಯಲ್ಲಿ ಮನುಷ್ಯ ಕೂರುವಷ್ಟು ಗೂಡು ಕೊರೆದರು. ತುಂಬಲು ಉಪ್ಪು ಬೇಕಿತ್ತು, ವಾಲ್ಟ್ ಹಸುಗಳಿಗೆಂದು ಇಟ್ಟಿದ್ದ ಚೀಲಗಳನ್ನೇ ಹೊತ್ತು ತಂದ. ವಿಭೂತಿಗೆ ಕೊರತೆಯಿರಲಿಲ್ಲ, ಮುದುಕ ತನಗೆ ಬೇಕಾದದ್ದನ್ನು ತಾನೇ ಮಾಡಿಟ್ಟು ಹೋಗಿದ್ದ. ಬಿಲ್ವಪತ್ರೆ ಮಾತ್ರ ಎಲ್ಲಿಂದ ತರುವುದು? ರಾಚಯ್ಯ ತಲೆ ಕೆರೆದುಕೊಳ್ಳುತ್ತಿರುವಾಗ ಗುರುದೇವಿ ಚರ್ಚಿನ ಅಂಗಳದಲ್ಲಿ ಇನ್ನೂ ಹಸಿರಾಗಿದ್ದ ಕ್ಲೋವರ್ ಹುಲ್ಲನ್ನು ಕಿತ್ತು ತೋರಿಸಿದಳು. ಒಂದೇ ತೊಟ್ಟಿಗೆ ಮೂರು ದಳ. ರಾಚಯ್ಯ ಅದನ್ನು ಕಣ್ಣಿಗೆ ಒತ್ತಿಕೊಂಡ. ಎಡ್ನಾ ಮತ್ತು ಹೋಬರ್ಟನ ಹೆಂಡತಿ ಮಂಡಿಯೂರಿ ಬುಟ್ಟಿ ತುಂಬ ಆರಿಸಿಕೊಟ್ಟರು.

ಅಡುಗೆಮನೆಯ ಕುರ್ಚಿಗೆ ಎರಡು ಗಳ ಕಟ್ಟಿ, ಅದರಲ್ಲಿ ಗದಿಗೆಪ್ಪನನ್ನು ಕೂರಿಸಿ ನಾಲ್ವರು ಹೊತ್ತರು. ಮುಂದೆ ಮುರಿಗೆಪ್ಪ ಮತ್ತು ವಾಲ್ಟ್, ಹಿಂದೆ ತಿರುಮಲೇಶ ಮತ್ತು ಹೋಬರ್ಟ್. ಟ್ರಾಯ್‌ನಿಂದ ಬುದ್ಧಿ ಹೇಳಲು ಬಂದ ತಿರುಮಲೇಶರು ಸೂಟು ಬೂಟಿನಲ್ಲೇ ಹೆಗಲು ಕೊಟ್ಟರು. ನಾಲ್ಕು ದಾರಿ ಕೂಡುವಲ್ಲಿ ಒಂದು ಹಾಲಿನ ಲಾರಿ ಬಂದು ನಿಂತಿತು. ಹಣೆತುಂಬ ವಿಭೂತಿ, ಕೊರಳಿಗೆ ಚೆಂಡು ಹೂವು, ಅಂಗೈಯಲ್ಲಿ ಕಣ್ಣಿಟ್ಟು ಕೂತು ರಸ್ತೆ ದಾಟುತ್ತಿದ್ದ ಮುದುಕನನ್ನು ಕಂಡ ಡ್ರೈವರು ಎಂಜಿನ್ ಆರಿಸಿ, ಕೆಳಗಿಳಿದು, ಟೋಪಿ ತೆಗೆದು ನಿಂತ. ರಾಚಯ್ಯ ಅಜ್ಜನಿಂದ ನೋಡಿ ಕಲಿತಷ್ಟನ್ನು ಮಾಡಿಸಿದ, ಬಾರದ ಕಡೆ ಓಂ ನಮಃ ಶಿವಾಯ ಎಂದ. ಆ ಮೂಲೆಯಲ್ಲಿ ನಿಂತಿದ್ದವರೆಲ್ಲ, ಬಾಯಿ ತಿರುಗಿದಷ್ಟು, ಅವನ ಜೊತೆ ಅದನ್ನೇ ಹೇಳಿದರು. ಉಪ್ಪು ಬಿತ್ತು, ವಿಭೂತಿ ಬಿತ್ತು, ಮೂರು ದಳದ ಹುಲ್ಲು ಬಿತ್ತು. ಗುರುದೇವಿ ಮೊದಲ ಹಿಡಿ ಮಣ್ಣು ಹಾಕಿದಾಗ ಹೆಗಲಿನಿಂದ ಒಂದು ಮೂಟೆ ಇಳಿದಂತಾಯಿತು.

ಎರಡೂವರೆ ವರ್ಷ ಕಳೆಯಿತು. ಮುರಿಗೆಪ್ಪನಿಗೆ ಟ್ರಾಯ್‌ನಲ್ಲಿ ದೊಡ್ಡ ಕೆಲಸ ಸಿಕ್ಕಿತು. ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವುದು ಎಂದಾಯಿತು. ಭಾನುವಿಗೆ ಒಳ್ಳೆಯ ಶಾಲೆ, ಸುತ್ತ ನಾಲ್ಕಾರು ಕನ್ನಡದ ಮನೆಗಳು, ಹಿಮ ಬಿದ್ದರೆ ಬೆಳಗಾಗುವುದರೊಳಗೆ ಗುಡಿಸಿಹೋಗುವ ಲಾರಿ. ಮುರಿಗೆಪ್ಪ ದಿನಾ ಸಂಜೆ ಹೊಸ ಮನೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡುತ್ತಿದ್ದ. ಗುರುದೇವಿ ಇದು ಚಲೋ, ಅದು ಚಲೋ ಎನ್ನುತ್ತಿದ್ದಳು. ಅವಳಿಗೂ ಮನಸ್ಸಿಲ್ಲದೆ ಇರಲಿಲ್ಲ, ಒಲೆಯ ಪಕ್ಕದಲ್ಲೇ ಬಟ್ಟೆ ಒಗೆಯುವ ಮಷೀನು ಯಾರಿಗೆ ಬೇಡ?

ಏಪ್ರಿಲಿನ ಒಂದು ಬೆಳಿಗ್ಗೆ ವಾಲ್ಟ್ ಬಾಗಿಲು ತಟ್ಟಿದ. ದಾರಿಯಲ್ಲಿ ನಡೆದು ಹೋಗುತ್ತಿದ್ದ ಅಪರಿಚಿತನೊಬ್ಬ ಹೋಬರ್ಟನ ಮನೆಯ ಮುಂದೆ ಕುಸಿದು ತೀರಿಕೊಂಡಿದ್ದ, ಅವನ ಕಡೆಯವರು ಯಾರೂ ಪತ್ತೆಯಾಗಿರಲಿಲ್ಲ. ಕೌಂಟಿಯವರು ಒಯ್ಯುವ ಮೊದಲು ಇಲ್ಲಿ ಜಾಗ ಕೊಡುವುದೋ ಬೇಡವೋ ತೀರ್ಮಾನವಾಗಬೇಕು, ಬಾ ಎಂದ. ಗುರುದೇವಿ ಗಂಡ ಆಫೀಸಿಗೆ ಹೋಗಿದ್ದಾನೆ ಎಂದಳು. ಹೆಂಗಸರೂ ಬರುತ್ತಾರಲ್ಲ ಎಂದ ವಾಲ್ಟ್. ತಾವಿನ್ನೂ ಈ ದೇಶದ ಪ್ರಜೆಗಳಲ್ಲ, ವೋಟಿಲ್ಲ ಎಂದಳು. ವಾಲ್ಟ್ ಅದೇನೆಂದು ಅರ್ಥವಾಗದವನಂತೆ ಅವಳನ್ನು ನೋಡಿದ.

"ಗ್ಯಾಡಿ ಅಲ್ಲಿದ್ದಾನಲ್ಲ," ಎಂದ. "ಅವನಾದ ಮೇಲೆ ಯಾರೂ ಬಂದಿಲ್ಲ. ನೀನು ಶುರು ಮಾಡದೆ ನಾವು ಯಾರೂ ಬಾಯಿ ತೆರೆಯುವ ಹಾಗಿಲ್ಲ."

ಅವಳು ಸೆರಗು ಸರಿ ಮಾಡಿಕೊಂಡು ಅವನ ಹಿಂದೆ ಹೋದಳು. ಈ ಸಲ ಬೇಲಿಯೊಳಗೆ ಹೋದಳು. ಅಣ್ಣಿಗೇರಿಯಲ್ಲಿ ಅವಳ ತಾಯಿಯಾಗಲಿ ಅಜ್ಜಿಯಾಗಲಿ ನಾಲ್ಕು ಜನ ಗಂಡಸರ ಮುಂದೆ ತುಟಿ ಬಿಚ್ಚಿದವರಲ್ಲ. ಇಲ್ಲಿ ಹತ್ತು ಹನ್ನೆರಡು ಜನ ಟೋಪಿ ಕೈಯಲ್ಲಿ ಹಿಡಿದು ಅವಳ ಮಾತಿಗೆ ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಅವಳು ಮಾವನನ್ನು ಕೂರಿಸಿದ ಜಾಗದ ಪಕ್ಕಕ್ಕೆ ಹೋಗಿ ನಿಂತಳು.

ಸಂಜೆ ಮುರಿಗೆಪ್ಪ ಬಂದು ನಕ್ಷೆ ಹರಡಿದ. ಮುಂದಿನ ವಾರ ಕಾಗದಕ್ಕೆ ಸಹಿ ಹಾಕಬೇಕು ಎಂದ. ಗುರುದೇವಿ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಬೆಳಿಗ್ಗೆ ನಡೆದದ್ದನ್ನು ಹೇಳಿದಳು. ಅವನು ನಕ್ಷೆಯಿಂದ ತಲೆ ಎತ್ತಿದ.

"ಮತ್ತ, ಏನಂದಿ ಅಲ್ಲೆ?"

"ಇಲ್ಲೇ ಇರಲಿ ಅಂದೆ. ಎಲ್ಲಾರೂ ಹೂಂ ಅಂದ್ರು. ನಾಳೆ ಮಣ್ಣು."

ಅವನು ನಕ್ಷೆಯ ಮಡಚಿದ ಮೂಲೆಯನ್ನು ನೇರ ಮಾಡಿದ. ಆಮೇಲೆ ಟ್ರಾಯ್ ವಿಷಯ ಏನು ಎಂದು ಕೇಳಿದ.

"ಅಂವಗ ಯಾರೂ ಕಡಿಯವರಿಲ್ಲ. ಅಂವನ ಕಡಿಂದ ಮಾತಾಡೋರಿಲ್ಲ," ಎಂದಳು ಗುರುದೇವಿ ರೊಟ್ಟಿ ತಿರುವಿ ಹಾಕುತ್ತ. "ಅಂದ್ರ ಮುಂದಿನ ಸಲಾನೂ ನಾನ ಮೊದಲು. ನಾ ಹೋದ್ರ ಇಲ್ಲಿ ಮಾತ ಶುರು ಮಾಡೋರು ಯಾರ್ರಿ?"

ಮುರಿಗೆಪ್ಪ ಹೆಂಡತಿಯ ಮುಖವನ್ನೇ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಅವನು ನಕ್ಷೆಯನ್ನು ಸುರುಳಿ ಸುತ್ತಿ, ಊಟಕ್ಕೆ ಜಾಗ ಮಾಡಿದ.